ತೂಕದ ಮೆಷಿನ್ ಗೋದಾಮಿನಲ್ಲಿ, ವಿಎಂ ಆಫೀಸಿನಲ್ಲಿ: ಯುಎಸ್‌ಬಿ ಸೀರಿಯಲ್ ಸಾಧನವನ್ನು ನೆಟ್‌ವರ್ಕ್ ಮೂಲಕ ಜೋಡಿಸುವ ದಾರಿ

ಉಡುಪಿ ಹತ್ತಿರದ ಒಂದು ಗೇರುಬೀಜ ಫ್ಯಾಕ್ಟರಿ. ಗೋದಾಮಿನಲ್ಲಿ ಮೂಟೆ ತೂಗುವ ಮೆಷಿನ್ ಉಂಟು. ಅದರ ಬೆನ್ನಿಗೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್. ಪಕ್ಕದಲ್ಲೇ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರಲ್ಲಿ ವಿಂಡೋಸ್ 7, ಅದರ ಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್. ಬೀಜದ ಧೂಳು ಮತ್ತು ಉಪ್ಪುಗಾಳಿ ಸೇರಿ ಮದರ್‌ಬೋರ್ಡ್ ತಿಂದುಹಾಕಿದವು. ಹಾರ್ಡ್ ಡಿಸ್ಕ್ ಮಾತ್ರ ಉಳಿದಿತ್ತು. ಅದನ್ನು ಹಾಗೇ ವರ್ಚುವಲ್ ಮೆಷಿನ್ (ವಿಎಂ, ಅಂದರೆ ಒಂದು ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರಾಗಿ ಓಡುವ ಇನ್ನೊಂದು ಕಂಪ್ಯೂಟರ್) ಮಾಡಿ ಆಫೀಸಿನ ಸರ್ವರಿನಲ್ಲಿ ಕೂರಿಸಿದೆ. ಬಿಲ್ಲಿಂಗ್ ಏನೋ ಚೆನ್ನಾಗಿ ಓಡಿತು. ಆದರೆ ತೂಕ ಎಲ್ಲಿಂದ ಬರಬೇಕು? ಮೆಷಿನ್ ಇರುವುದು ಗೋದಾಮಿನಲ್ಲಿ. ಸರ್ವರ್ ಇರುವುದು ಅಂಗಳ ದಾಟಿ ಸುಮಾರು 80 ಮೀಟರ್ ಆಚೆ. ಸಾಫ್ಟ್‌ವೇರಿಗೆ ಕಾಮ್1 (ವಿಂಡೋಸಿನಲ್ಲಿ ಮೊದಲ ಸೀರಿಯಲ್ ಪೋರ್ಟಿನ ಹೆಸರು) ಬಿಟ್ಟು ಬೇರೆ ಪೋರ್ಟ್ ಗೊತ್ತಿಲ್ಲ.

ಇಂಥದ್ದೇ ಪರಿಸ್ಥಿತಿ ನಿಮ್ಮಲ್ಲೂ ಇರಬಹುದು. ಮಲ್ಪೆಯ ಐಸ್ ಪ್ಲಾಂಟಿನ ಟೆಂಪರೇಚರ್ ಕಂಟ್ರೋಲರ್ ಇರಲಿ, ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ಮೆಷಿನ್ ನಡೆಸುವ ಪಿಎಲ್‌ಸಿ ಇರಲಿ, ಮಣಿಪಾಲದ ಹಾಸ್ಟೆಲ್ ಕೋಣೆಯ ಆರ್ಡುಯಿನೊ ಬೋರ್ಡ್ ಇರಲಿ, ಲೆಕ್ಕ ಒಂದೇ. ಸಾಧನ ಒಂದು ಕಡೆ, ಅದನ್ನು ಓದುವ ವಿಎಂ ಇನ್ನೊಂದು ಕಡೆ.

ಮೊದಲೇ ಒಂದು ಮಾತು ಹೇಳುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಸೀರಿಯಲ್ ಸಾಧನವನ್ನು ಕಂಪ್ಯೂಟರಿಗೆ ಜೋಡಿಸುವುದು ಯುಎಸ್‌ಬಿ ಕನ್ವರ್ಟರ್ ಮೂಲಕವೇ ಆದರೂ, ನೆಟ್‌ವರ್ಕಿನಲ್ಲಿ ಯುಎಸ್‌ಬಿಯನ್ನು ಸಾಗಿಸಬೇಡಿ, ಸೀರಿಯಲ್ ಅಕ್ಷರಗಳನ್ನು ಸಾಗಿಸಿ. ಯುಎಸ್‌ಬಿಯನ್ನೇ ಸಾಗಿಸಬೇಕಾದ ಸಂದರ್ಭಗಳೂ ಇವೆ, ಅವು ಕಡಿಮೆ. ಅದನ್ನು ಕೊನೆಯಲ್ಲಿ ನೋಡೋಣ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಆ ಫ್ಯಾಕ್ಟರಿಯಲ್ಲಿ ನಾನು ಮೊದಲು ಯುಎಸ್‌ಬಿಐಪಿ ಹಾಕಿದ್ದೆ. ಸಾಧನವನ್ನು ಇಡಿಯಾಗಿ ವಿಎಂಗೆ ಒಪ್ಪಿಸುವ ದಾರಿ ಅದು. ಟೇಬಲ್ ಮೇಲೆ ಪರೀಕ್ಷೆ ಮಾಡಿದಾಗ ಏನೂ ತೊಂದರೆ ಇರಲಿಲ್ಲ. ಆದರೆ ಗೋದಾಮಿನಲ್ಲಿ ಕರೆಂಟ್ ಒಂದು ಕ್ಷಣ ಹೋಗಿ ಬಂದರೆ ಸಾಕು, ವಿಎಂ ಒಳಗಿದ್ದ ಕಾಮ್ ಪೋರ್ಟ್ ಮಾಯ. ಅಲ್ಲಿನ ಬಿಲ್ಲಿಂಗ್ ಅಕ್ಕ ಫೋನ್ ಮಾಡುತ್ತಿದ್ದರು: "ತೂಕ ಬರುವುದಿಲ್ಲ ಮಾರಾಯ್ರೆ, ಲಾರಿ ನಿಂತಿದೆ, ಎಂತ ಮಾಡುವುದು?" ಒಂದೇ ವಾರದಲ್ಲಿ ಇಂಥ ನಾಲ್ಕು ಫೋನ್ ಬಂತು. ಆಮೇಲೆ ಇಡೀ ವ್ಯವಸ್ಥೆ ಬದಲಾಯಿಸಿದೆ. ಹೇಗೆ ಅಂತ ಇಲ್ಲಿದೆ.

ದೂರ ಎಷ್ಟು, ನಡುವೆ ಏನಿದೆ

ವಿಎಂ ಓಡುವ ಕಂಪ್ಯೂಟರಿನ ಪಕ್ಕದಲ್ಲೇ ಸಾಧನ ಇದ್ದರೆ ಈ ಲೇಖನದ ಅರ್ಧ ನಿಮಗೆ ಬೇಡ. ಅದನ್ನು ಆ ಕಂಪ್ಯೂಟರಿಗೇ ಚುಚ್ಚಿ, ಯುಎಸ್‌ಬಿ ಪಾಸ್‌ಥ್ರೂ ಮಾಡಿ, ಅಂದರೆ ಸಾಧನವನ್ನು ನೇರ ವಿಎಂಗೆ ದಾಟಿಸಿ, ಅಷ್ಟೇ. ವಿಎಂ ಓಡಿಸುವ ಸಾಫ್ಟ್‌ವೇರ್ ವರ್ಚುವಲ್‌ಬಾಕ್ಸ್ ಆದರೆ ಸೆಟ್ಟಿಂಗ್ಸಿನಲ್ಲಿ ಯುಎಸ್‌ಬಿ ಫಿಲ್ಟರ್ ಸೇರಿಸಿ. ಹೋಸ್ಟ್, ಅಂದರೆ ವಿಎಂ ಓಡುವ ಆ ಕಂಪ್ಯೂಟರ್, ಲಿನಕ್ಸ್ ಆಗಿದ್ದರೆ ನಿಮ್ಮ ಯೂಸರ್ ಹೆಸರು ವಿಬಾಕ್ಸ್‌ಯೂಸರ್ಸ್ ಗುಂಪಿನಲ್ಲಿ ಇರಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಸಾಧನವೇ ಕಾಣುವುದಿಲ್ಲ.

ದೂರ ಇದ್ದರೆ ಮಾತ್ರ ಮುಂದೆ ಓದಿ. ಯುಎಸ್‌ಬಿ 2.0 ಕೇಬಲ್ 5 ಮೀಟರಿಗೆ ಮುಗಿಯಿತು. ಆರ್‌ಎಸ್-232, ಅಂದರೆ ಆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿನ, ಕೇಬಲ್ಲನ್ನು 15 ಮೀಟರ್ ಆಸುಪಾಸಿಗೆ ನಿಲ್ಲಿಸುವುದು ಒಳ್ಳೆಯದು. ಈಥರ್ನೆಟ್ ಕೇಬಲ್ 100 ಮೀಟರ್ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾರಣವೂ ಉಂಟು: ಸಿಡಿಲು. ಏಪ್ರಿಲ್-ಮೇಯಲ್ಲಿ ಮಳೆಗಾಲಕ್ಕೆ ಮುಂಚೆ, ಮತ್ತೆ ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿಯುವಾಗ, ಸಂಜೆ ಹೊತ್ತಿಗೆ ಬರುವ ಗುಡುಗು ನಿಮಗೆ ಗೊತ್ತೇ ಇದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆದ ಸೀರಿಯಲ್ ಕೇಬಲ್ಲಿನಲ್ಲಿ ಎರಡೂ ಕಡೆಯ ಗ್ರೌಂಡ್ ನೇರ ಜೋಡಿಕೊಂಡಿರುತ್ತದೆ. ಎರಡು ಕಟ್ಟಡಗಳ ಅರ್ತಿಂಗ್ ಬೇರೆ ಬೇರೆ. ಹತ್ತಿರ ಎಲ್ಲೋ ಸಿಡಿಲು ಬಡಿದರೂ ಆ ವ್ಯತ್ಯಾಸದ ಕರೆಂಟ್ ಕೇಬಲ್ಲಿನಲ್ಲೇ ಹರಿದು ಎರಡೂ ತುದಿಯ ಪೋರ್ಟ್ ಸುಡುತ್ತದೆ. ಈಥರ್ನೆಟ್ ಪೋರ್ಟಿನೊಳಗೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಅಂಥ ನೇರ ಜೋಡಣೆ ಇಲ್ಲ. ಅದೂ ಪೂರ್ತಿ ರಕ್ಷಣೆ ಅಲ್ಲ. ಕಟ್ಟಡಗಳ ನಡುವೆ ಫೈಬರ್ ಎಳೆದು ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಈಥರ್ನೆಟ್ಟಿಗೆ ಜೋಡಿಸುವ ಡಬ್ಬಿ) ಇಟ್ಟರೆ ಸಿಡಿಲಿಗೆ ಆ ದಾರಿಯೇ ಇಲ್ಲ. ಗೋದಾಮು ದೂರ ಇದ್ದವರಿಗೆ ನಾನು ಇದನ್ನೇ ಹೇಳುವುದು.

ಗೋದಾಮಿನಲ್ಲಿ ಇಡುವ ಪೆಟ್ಟಿಗೆ

ಸಾಧನದ ಹತ್ತಿರ ಒಂದು ಚಿಕ್ಕ ಲಿನಕ್ಸ್ ಕಂಪ್ಯೂಟರ್ ಬೇಕು. ರಾಸ್ಪ್‌ಬೆರಿ ಪೈ ಸಾಕು. 9600 ವೇಗದಲ್ಲಿ ಒಂದು ಅಕ್ಷರಕ್ಕೆ 10 ಬಿಟ್ ಲೆಕ್ಕ ಹಾಕಿದರೆ ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ. ಎಷ್ಟು ಹಳೆಯ ಪೈ ಆದರೂ ಇದು ಅದಕ್ಕೆ ಭಾರವೇ ಅಲ್ಲ. ಮನೆಯಲ್ಲಿ ಸುಮ್ನೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪೂ ಆಗುತ್ತದೆ.

ತೂಕದ ಮೆಷಿನ್ ಮತ್ತು ಪೆಟ್ಟಿಗೆ ನಡುವೆ ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಹಾಕಿ. ಪೈ ಮೇಲಿನ ಜಿಪಿಐಒ ಪಿನ್ನುಗಳಿಗೆ ಆರ್‌ಎಸ್-232 ವೈರನ್ನು ನೇರ ಕೊಡಲೇಬೇಡಿ. ಪೈ ಪಿನ್ನು ತಡೆಯುವುದು 3.3 ವೋಲ್ಟ್ ಮಾತ್ರ. ಆರ್‌ಎಸ್-232ರಲ್ಲಿ ಪ್ಲಸ್ ಮೈನಸ್ ಎರಡೂ ದಿಕ್ಕಿಗೆ 15 ವೋಲ್ಟ್ ತನಕ ಬರಬಹುದು. ಒಮ್ಮೆ ಕೊಟ್ಟರೆ ಬೋರ್ಡ್ ಹೋದ ಹಾಗೆಯೇ.

ಕನ್ವರ್ಟರ್ ಕೊಳ್ಳುವಾಗ ಒಳಗಿನ ಚಿಪ್ ಯಾವುದು ಎಂದು ಕೇಳಿ. ಎಫ್‌ಟಿ232, ಸಿಪಿ2102, ಪಿಎಲ್2303, ಸಿಎಚ್340, ಸಾಮಾನ್ಯವಾಗಿ ಸಿಗುವುದು ಈ ನಾಲ್ಕು. ನಾಲ್ಕಕ್ಕೂ ಲಿನಕ್ಸಿನಲ್ಲಿ ಡ್ರೈವರ್ ಮೊದಲೇ ಇದೆ. ಆದರೆ ನಾನು ಎಫ್‌ಟಿ232 ಇರುವುದನ್ನೇ ಹುಡುಕುತ್ತೇನೆ. ಅದರಲ್ಲಿ ಸಾಮಾನ್ಯವಾಗಿ ಪ್ರತಿ ತುಂಡಿಗೂ ಬೇರೆ ಬೇರೆ ಸೀರಿಯಲ್ ನಂಬರ್ ಇರುತ್ತದೆ. ಸಿಎಚ್340ರಲ್ಲಿ ಇರುವುದಿಲ್ಲ. ಅಂಥ ಎರಡನ್ನು ಒಂದೇ ಪೆಟ್ಟಿಗೆಗೆ ಹಾಕಿದರೆ ಯಾವುದು ಯಾವುದೆಂದು ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಇವತ್ತು ಬೀಜದ ತೂಕ ಬಂದ ಜಾಗದಲ್ಲಿ ನಾಳೆ ತಿರುಳಿನ ತೂಕ ಬರಬಹುದು. ವ್ಯಾಪಾರದಲ್ಲಿ ಇದು ಚಿಕ್ಕ ತಪ್ಪಲ್ಲ.

ತೂಕ ಪೆಟ್ಟಿಗೆ ತನಕ ಬಂತೇ?

ನೆಟ್‌ವರ್ಕ್ ಮುಟ್ಟುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಜಾಸ್ತಿ ಜನ ಎಡವುವುದು ಇಲ್ಲಿಯೇ. ಕೇಬಲ್ ಸರಿ ಇಲ್ಲದೆ, ತಪ್ಪು ವಿಎಂನಲ್ಲಿದೆ ಎಂದು ಎರಡು ದಿನ ಹುಡುಕಿದವರನ್ನು ನೋಡಿದ್ದೇನೆ.

ಕಮಾಂಡುಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ. ಬೇರೆ ಹೇಳದಿದ್ದರೆ ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಚಿಕ್ಕಕ್ಷರ.

ಕನ್ವರ್ಟರನ್ನು ಪೆಟ್ಟಿಗೆಗೆ ಚುಚ್ಚಿ ಡಿಮೆಸ್ಜ್ (ಡಿ-ಎಂ-ಇ-ಎಸ್-ಜಿ) ಕಮಾಂಡ್ ಕೊಡಿ. ಕೊನೆಯ ಸಾಲುಗಳಲ್ಲಿ ಟಿಟಿವೈಯುಎಸ್‌ಬಿ0 ಎಂಬ ಹೆಸರು ಕಾಣಬೇಕು. ಇದರಲ್ಲಿ ಯುಎಸ್‌ಬಿ ಮಾತ್ರ ದೊಡ್ಡಕ್ಷರ. ಆರ್ಡುಯಿನೊ ಊನೊ ತರಹದ ಬೋರ್ಡಾದರೆ ಟಿಟಿವೈಎಸಿಎಂ0 ಎಂದು ಬರಬಹುದು. ಅಲ್ಲಿ ದೊಡ್ಡಕ್ಷರ ಎಸಿಎಂಗೆ. ಹೆಸರು ಬಂದು ಒಂದೆರಡು ಸೆಕೆಂಡಿನಲ್ಲೇ ಮಾಯವಾದರೆ, ನಿಮ್ಮಲ್ಲಿ ಉಬುಂಟು 22.04 ಮತ್ತು ಸಿಎಚ್340 ಇದ್ದರೆ, ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಮ್ ಅದನ್ನು ಹಿಡಿದುಕೊಂಡಿದೆ ಎಂದು ಅರ್ಥ. ಕಣ್ಣು ಕಾಣದವರು ಬಳಸುವ ಬ್ರೈಲ್ ಸಾಧನಕ್ಕೆ ಇರುವ ಪ್ರೋಗ್ರಾಮ್ ಅದು. ಅಂಥ ಸಾಧನ ನಿಮ್ಮಲ್ಲಿ ಇಲ್ಲವಾದರೆ ತೆಗೆದುಬಿಡಿ.

ಯೂಸರ್ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಸೀರಿಯಲ್ ಪೋರ್ಟಿನಲ್ಲಿ ಬಂದದ್ದನ್ನು ಸ್ಕ್ರೀನಿನಲ್ಲಿ ತೋರಿಸುವ ಪಿಕೊಕಾಮ್ ಎಂಬ ಪ್ರೋಗ್ರಾಮ್ ಇನ್‌ಸ್ಟಾಲ್ ಮಾಡಿ.

ಈಗ ಒಂದು ಚಿಕ್ಕ ಪರೀಕ್ಷೆ. ಕನ್ವರ್ಟರನ್ನು ಮೆಷಿನ್ನಿನಿಂದ ಬಿಡಿಸಿ, ಅದರ ಒಂಬತ್ತು ಪಿನ್ನಿನ ತುದಿಯನ್ನು ನಿಮ್ಮ ಕಡೆ ತಿರುಗಿಸಿ ನೋಡಿ. ಮೇಲಿನ ಸಾಲಿನಲ್ಲಿ ಐದು ಪಿನ್, ಕೆಳಗಿನದರಲ್ಲಿ ನಾಲ್ಕು. ಹತ್ತಿರದಿಂದ ನೋಡಿದರೆ ಪಿನ್ ಪಕ್ಕ ನಂಬರ್ ಕೆತ್ತಿರುವುದು ಕಾಣುತ್ತದೆ, ಮೊಬೈಲ್ ಟಾರ್ಚ್ ಹಾಕಿ. 2 ಮತ್ತು 3ನೇ ಪಿನ್ನುಗಳಿಗೆ ತಾಮ್ರದ ಒಂದು ಎಳೆ ಸುತ್ತಿ ಎರಡನ್ನೂ ಸೇರಿಸಿ. ಪಿಕೊಕಾಮ್ ತೆರೆದು ಏನಾದರೂ ಒತ್ತಿ. ಒತ್ತಿದ ಅಕ್ಷರ ಸ್ಕ್ರೀನಿನಲ್ಲಿ ಕಂಡರೆ ಕನ್ವರ್ಟರ್, ಡ್ರೈವರ್, ಪರ್ಮಿಷನ್ ಎಲ್ಲ ಸರಿ. 2ನೇ ಪಿನ್ನಿನಲ್ಲಿ ಕೇಳುತ್ತದೆ, 3ರಲ್ಲಿ ಹೇಳುತ್ತದೆ. ಎರಡನ್ನೂ ಕಟ್ಟಿದ್ದರಿಂದ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡಿತು, ಅಷ್ಟೇ. ಪಿನ್ನು ಹಸಿರು ಹಿಡಿದಿದ್ದರೆ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಶ್ ಅದ್ದಿ ತಿಕ್ಕಿ. ಸಮುದ್ರದ ಹತ್ತಿರದ ಊರಿನಲ್ಲಿ ಇದು ವರ್ಷಕ್ಕೊಮ್ಮೆ ಮಾಡಲೇಬೇಕಾದ ಕೆಲಸ.

ಎಳೆ ಬಿಚ್ಚಿ. ಕನ್ವರ್ಟರನ್ನು ಮೆಷಿನ್ನಿಗೆ ಹಾಕಿ. ಪಿಕೊಕಾಮ್, ಸ್ಪೇಸ್, -ಬಿ, ಸ್ಪೇಸ್, 9600, ಆಮೇಲೆ ಪೋರ್ಟಿನ ಪೂರ್ತಿ ಹೆಸರು. ತೂಕದ ಮೆಷಿನ್ ನಿರಂತರ ಕಳಿಸುವ ಮೋಡಿನಲ್ಲಿದ್ದರೆ ಸಾಲು ಸಾಲಾಗಿ ತೂಕ ಇಳಿಯುತ್ತದೆ. ಹಲವು ಮೆಷಿನ್‌ಗಳಲ್ಲಿ ಸಾಲಿನ ಮೊದಲಿಗೆ ಎಸ್‌ಟಿ ಅಥವಾ ಯುಎಸ್ ಎಂದು ಬರುತ್ತದೆ. ಎಸ್‌ಟಿ ಅಂದರೆ ತೂಕ ನಿಂತಿದೆ. ಯುಎಸ್ ಅಂದರೆ ಇನ್ನೂ ಅಲ್ಲಾಡುತ್ತಿದೆ. ತಟ್ಟೆ ಮೇಲೆ ಕೈ ಇಟ್ಟು ಒತ್ತಿ ನೋಡಿ. ಯುಎಸ್ ಸಾಲುಗಳು ಓಡುತ್ತವೆ, ಕೈ ತೆಗೆದ ಸ್ವಲ್ಪ ಹೊತ್ತಿಗೆ ಎಸ್‌ಟಿ ಬಂದು ನಿಲ್ಲುತ್ತದೆ. ಅದನ್ನು ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತದೆ. ಮೆಷಿನ್ನಿಗೂ ಪೆಟ್ಟಿಗೆಗೂ ಮಾತುಕತೆ ಶುರುವಾಯಿತು ಎಂದು ಅರ್ಥ.

ಅಕ್ಷರದ ಬದಲು ಅಡ್ಡಾದಿಡ್ಡಿ ಚಿಹ್ನೆ ಬಂದರೆ ವೇಗ ತಪ್ಪಿದೆ. 2400, 4800, 19200 ಒಂದೊಂದಾಗಿ ಹಾಕಿ ನೋಡಿ. ಏನೂ ಬರದಿದ್ದರೆ ಎರಡು ಸಾಧ್ಯತೆ. ಕೇಬಲ್ಲಿನಲ್ಲಿ 2 ಮತ್ತು 3 ಅದಲು ಬದಲು ಆಗಬೇಕಿರಬಹುದು, ಅದಕ್ಕೆ ಅಂಗಡಿಯಲ್ಲಿ ನಲ್ ಮೋಡೆಮ್ ಅಡಾಪ್ಟರ್ ಕೇಳಿ. ಅಥವಾ ಮೆಷಿನ್ ಕೇಳಿದಾಗ ಮಾತ್ರ ಕಳಿಸುವ ಮೋಡಿನಲ್ಲಿರಬಹುದು, ಅದನ್ನು ಅದರ ಮೆನುವಿನಲ್ಲೇ ಬದಲಿಸಬೇಕು. ಪಿಕೊಕಾಮಿನಿಂದ ಹೊರಬರಲು ಕಂಟ್ರೋಲ್-ಎ ಒತ್ತಿ, ಆಮೇಲೆ ಕಂಟ್ರೋಲ್-ಎಕ್ಸ್.

ಹೆಸರನ್ನು ಗಟ್ಟಿ ಮಾಡಿ

ಟಿಟಿವೈಯುಎಸ್‌ಬಿ0 ಎಂಬುದು ಸ್ಥಿರವಾದ ಹೆಸರಲ್ಲ. ಮೊದಲು ಎದ್ದದ್ದಕ್ಕೆ 0, ಆಮೇಲೆ ಎದ್ದದ್ದಕ್ಕೆ 1. ಕರೆಂಟ್ ಹೋಗಿ ಬಂದಾಗ ಇದು ತಿರುಗುಮುರುಗು ಆಗಬಹುದು. ಅದಕ್ಕೇ ಡೆವ್ ಫೋಲ್ಡರಿನ ಒಳಗೆ ಸೀರಿಯಲ್, ಅದರ ಒಳಗೆ ಬೈ-ಐಡಿ ಎಂಬ ಫೋಲ್ಡರ್ ನೋಡಿ. ಚಿಪ್ಪಿನ ಹೆಸರು ಮತ್ತು ಸೀರಿಯಲ್ ನಂಬರ್ ಸೇರಿದ ಉದ್ದದ ಹೆಸರು ಅಲ್ಲಿರುತ್ತದೆ. ಮುಂದಿನ ಎಲ್ಲ ಕಡೆ ಆ ಹೆಸರನ್ನೇ ಬಳಸಿ. ಸಿಎಚ್340 ಎರಡು ಇದ್ದರೆ ಬೈ-ಐಡಿ ಕೈಕೊಡುತ್ತದೆ. ಆಗ ಪಕ್ಕದಲ್ಲೇ ಇರುವ ಬೈ-ಪಾತ್ ಬಳಸಿ. ಅದು ಯಾವ ತೂತಿಗೆ ಚುಚ್ಚಿದ್ದೀರಿ ಎಂಬುದರ ಮೇಲೆ ನಿಂತಿದೆ. ಹಾಗಾಗಿ ತೂತಿನ ಪಕ್ಕ ಬಣ್ಣದ ಟೇಪ್ ಅಂಟಿಸಿ, ಗುಡಿಸುವವರು ತೆಗೆದು ಬೇರೆ ಕಡೆ ಹಾಕದ ಹಾಗೆ.

ಅಕ್ಷರಗಳನ್ನು ನೆಟ್‌ವರ್ಕಿಗೆ ಬಿಡುವುದು

ಇದಕ್ಕೆ ಸೆರ್2ನೆಟ್ ಎಂಬ ಪ್ರೋಗ್ರಾಮ್. ಡೆಬಿಯನ್, ಉಬುಂಟು, ರಾಸ್ಪ್‌ಬೆರಿ ಪೈ ಓಎಸ್ ಎಲ್ಲದರಲ್ಲೂ ಆಪ್ಟ್ ಮೂಲಕ ಸಿಗುತ್ತದೆ. ಇದು ಮಾಡುವ ಕೆಲಸ ಇಷ್ಟೇ: ಸೀರಿಯಲ್ ಪೋರ್ಟಿನಲ್ಲಿ ಬಂದದ್ದನ್ನು ಟಿಸಿಪಿಗೆ, ಅಂದರೆ ನೆಟ್‌ವರ್ಕ್ ಸಂಪರ್ಕಕ್ಕೆ, ಕೊಡುತ್ತದೆ, ಟಿಸಿಪಿಯಲ್ಲಿ ಬಂದದ್ದನ್ನು ಸೀರಿಯಲ್ಲಿಗೆ ಕೊಡುತ್ತದೆ.

4ನೇ ಆವೃತ್ತಿಯಿಂದ ಇದರ ಸೆಟ್ಟಿಂಗ್ ಫೈಲ್ ಇಟಿಸಿ ಫೋಲ್ಡರಿನಲ್ಲಿ ಸೆರ್2ನೆಟ್ ಡಾಟ್ ಯಾಮಲ್ ಎಂಬ ಹೆಸರಿನಲ್ಲಿದೆ. ಹಳೆಯ ಟಿಪ್ಪಣಿಗಳಲ್ಲಿ ಡಾಟ್ ಕಾನ್ಫ್ ಎಂದು ಕಂಡರೆ ಅದು 4ಕ್ಕಿಂತ ಮುಂಚಿನದು, ಬರೆಯುವ ಕ್ರಮವೇ ಬೇರೆ, ನಕಲು ಮಾಡಬೇಡಿ. ಫೈಲಿನಲ್ಲಿ ಉದಾಹರಣೆಗೆಂದು ಕೊಟ್ಟ ಕನೆಕ್ಷನ್‌ಗಳನ್ನೆಲ್ಲ ಅಳಿಸಿ, ನಿಮ್ಮದೊಂದನ್ನೇ ಬರೆಯಿರಿ. ಅದರಲ್ಲಿ ಮುಖ್ಯ ಸಾಲು ಎರಡು. ಆಕ್ಸೆಪ್ಟರ್ ಎಂಬ ಸಾಲಿನಲ್ಲಿ ಟಿಸಿಪಿ, ಕಾಮಾ, 2000. ಕನೆಕ್ಟರ್ ಎಂಬ ಸಾಲಿನಲ್ಲಿ ಸೀರಿಯಲ್‌ಡೆವ್, ಕಾಮಾ, ಬೈ-ಐಡಿಯ ಪೂರ್ತಿ ಹೆಸರು, ಕಾಮಾ, 9600ಎನ್81, ಕಾಮಾ, ಲೋಕಲ್. 9600ಎನ್81 ಅಂದರೆ ವೇಗ 9600, ಪ್ಯಾರಿಟಿ ಇಲ್ಲ, ಡೇಟಾ ಬಿಟ್ 8, ಸ್ಟಾಪ್ ಬಿಟ್ 1. ಲೋಕಲ್ ಎಂದರೆ ಮೋಡೆಮ್ ಕಾಲದ ಸಿಗ್ನಲ್ ವೈರುಗಳಿಗೆ ಕಾಯಬೇಡ ಎಂದು. ಯಾಮಲ್ ಫೈಲಿನಲ್ಲಿ ಟ್ಯಾಬ್ ಒತ್ತಬಾರದು, ಸಾಲಿನ ಮೊದಲಿಗೆ ಸ್ಪೇಸ್ ಮಾತ್ರ.

ಎರಡು ವಿಷಯ ಇಲ್ಲಿ ಗಮನವಿಟ್ಟು ಮಾಡಿ. ಒಂದು, ಬ್ಯಾನರ್ ಎಂಬ ಸಾಲು ಇದ್ದರೆ ತೆಗೆಯಿರಿ. ಅದು ಇದ್ದರೆ ಪ್ರತಿ ಸಲ ಸಂಪರ್ಕ ಆದಾಗ ಒಂದು ಸ್ವಾಗತ ವಾಕ್ಯ ಹೋಗುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನೂ ತೂಕ ಎಂದು ಓದಲು ನೋಡುತ್ತದೆ. ಇನ್ನೊಂದು, ಆಪ್ಷನ್ಸ್ ಅಡಿಯಲ್ಲಿ ಕಿಕ್‌ಓಲ್ಡ್‌ಯೂಸರ್ ಎಂಬುದನ್ನು ಟ್ರೂ ಮಾಡಿ. ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಪೋರ್ಟ್ ಕೊಡುವುದು ಸೆರ್2ನೆಟ್ಟಿನ ರೂಢಿ. ಸರ್ವರ್ ಥಟ್ಟನೆ ಆಫ್ ಆಗಿ ಮತ್ತೆ ಎದ್ದರೆ, ಹಳೆಯ ಸಂಪರ್ಕ ಇನ್ನೂ ಜೀವಂತ ಇದೆ ಎಂದೇ ಪೆಟ್ಟಿಗೆ ಅಂದುಕೊಂಡಿರುತ್ತದೆ, ಹೊಸದನ್ನು ಒಳಗೆ ಬಿಡುವುದಿಲ್ಲ. ಈ ಆಪ್ಷನ್ ಹಾಕಿದರೆ ಹಳೆಯದನ್ನು ಹೊರಹಾಕಿ ಹೊಸಬರಿಗೆ ಜಾಗ ಕೊಡುತ್ತದೆ. ಲಾರಿ ನಿಂತಿದೆ ಎಂಬ ಫೋನ್ ನಿಂತದ್ದರಲ್ಲಿ ಈ ಒಂದು ಸಾಲಿನ ಪಾಲು ದೊಡ್ಡದು.

ಸರ್ವಿಸ್ ರೀಸ್ಟಾರ್ಟ್ ಮಾಡಿ. ಪೆಟ್ಟಿಗೆಯ ಐಪಿ ಬದಲಾಗದ ಹಾಗೆ ರೌಟರಿನಲ್ಲಿ ಕಾದಿರಿಸಿ, ಇಲ್ಲಿ 192.168.1.50 ಎಂದು ಇಟ್ಟುಕೊಳ್ಳೋಣ. ಆಫೀಸಿನ ಕಂಪ್ಯೂಟರಿನಿಂದ ಆ ಐಪಿಯ 2000ನೇ ಪೋರ್ಟಿಗೆ ಟೆಲ್ನೆಟ್ ಪ್ರೋಗ್ರಾಮಿನಿಂದ ಸಂಪರ್ಕ ಮಾಡಿ. ಗೋದಾಮಿನಲ್ಲಿ ಕಂಡ ಅದೇ ತೂಕದ ಸಾಲುಗಳು ಇಲ್ಲಿ ಇಳಿಯಬೇಕು.

ವಿಎಂ ಒಳಗೆ ಪೋರ್ಟ್ ಮೂಡಿಸುವುದು

ವಿಎಂ ಒಳಗೆ ಯಾವ ಡ್ರೈವರೂ ಹಾಕದೆ ಈ ಕೆಲಸ ಆಗುತ್ತದೆ. ನನಗೆ ಈ ದಾರಿ ಇಷ್ಟ ಆಗುವುದು ಅದಕ್ಕೇ. ಹೆಚ್ಚಿನ ವಿಎಂ ಸಾಫ್ಟ್‌ವೇರುಗಳು ಹಳೆಯ ಕಾಲದ ಕಾಮ್1 ಪೋರ್ಟನ್ನು ನಟಿಸಬಲ್ಲವು. ಆ ಪೋರ್ಟಿನ ಇನ್ನೊಂದು ತುದಿಯನ್ನು ಟಿಸಿಪಿಗೆ ಕಟ್ಟಿದರೆ ಮುಗಿಯಿತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದೆ. ಅಂಥದ್ದರ ಒಳಗೆ ಹೊಸ ಡ್ರೈವರ್ ಹಾಕುವ ಗೋಜೇ ಬೇಡ ಅಲ್ವಾ?

ವರ್ಚುವಲ್‌ಬಾಕ್ಸ್ ಆದರೆ ಮೊದಲು ವಿಎಂ ಪೂರ್ತಿ ಆಫ್ ಮಾಡಿ. ಸೆಟ್ಟಿಂಗ್ಸಿನಲ್ಲಿ ಸೀರಿಯಲ್ ಪೋರ್ಟ್ಸ್ ತೆರೆಯಿರಿ. ಮೊದಲ ಪೋರ್ಟನ್ನು ಎನೇಬಲ್ ಮಾಡಿ, ಕಾಮ್1 ಆರಿಸಿ, ಮೋಡ್ ಟಿಸಿಪಿ ಎಂದು ಇಡಿ. ಈಗಾಗಲೇ ಇರುವ ಸಾಕೆಟ್ಟಿಗೆ ಜೋಡಿಸು ಎಂಬ ಅರ್ಥದ ಟಿಕ್ ಹಾಕಿ. ಅದನ್ನು ಬಿಟ್ಟರೆ ವಿಎಂ ತಾನೇ ಸರ್ವರ್ ಆಗಿ ಕಾಯುತ್ತಾ ಕೂರುತ್ತದೆ. ವಿಳಾಸದ ಜಾಗದಲ್ಲಿ 192.168.1.50:2000. ಗೋದಾಮಿನ ಪೆಟ್ಟಿಗೆ ಮೊದಲು ಏಳಬೇಕು, ವಿಎಂ ಆಮೇಲೆ.

ಸರ್ವರಿನಲ್ಲಿ ಲಿನಕ್ಸಿನದೇ ವಿಎಂ ವ್ಯವಸ್ಥೆಯಾದ ಕೆವಿಎಂ ಇದ್ದರೆ ಇನ್ನೂ ಒಳ್ಳೆಯದು. ನಾನು ಆ ಫ್ಯಾಕ್ಟರಿಯಲ್ಲಿ ಕೊನೆಗೆ ಇಟ್ಟದ್ದು ಇದನ್ನೇ. ಅದರ ವಿಎಂಗಳನ್ನು ನೋಡಿಕೊಳ್ಳುವ ವರ್ಟ್-ಮ್ಯಾನೇಜರ್ ಹೊಸ ವಿಎಂಗೆ ತಾನಾಗಿಯೇ ಒಂದು ಸೀರಿಯಲ್ ಪೋರ್ಟ್ ಕೊಟ್ಟಿರುವುದುಂಟು. ಅದು ಇದ್ದರೆ ಮೊದಲು ತೆಗೆಯಿರಿ, ಇಲ್ಲವಾದರೆ ನಿಮ್ಮದು ಕಾಮ್2 ಆಗುತ್ತದೆ. ಆಮೇಲೆ ಹೊಸ ಸೀರಿಯಲ್ ಸಾಧನ ಸೇರಿಸಿ. ಬಗೆ ಟಿಸಿಪಿ, ಮೋಡ್ ಕನೆಕ್ಟ್, ಪ್ರೋಟೋಕಾಲ್ ರಾ. ಎಕ್ಸ್‌ಎಮ್‌ಎಲ್ ತೆರೆದು ಸೋರ್ಸ್ ಟ್ಯಾಗಿನ ಒಳಗೆ ರೀಕನೆಕ್ಟ್ ಎಂಬ ಟ್ಯಾಗ್ ಸೇರಿಸಿ, ಎನೇಬಲ್ಡ್ ಯೆಸ್, ಟೈಮ್‌ಔಟ್ 5 ಎಂದು ಕೊಡಿ. ಗೋದಾಮಿನಲ್ಲಿ ಕರೆಂಟ್ ಹೋದರೂ ವಿಂಡೋಸ್ ಒಳಗಿನ ಕಾಮ್1 ಅಲ್ಲಾಡುವುದಿಲ್ಲ. ತೂಕ ಬರುವುದು ನಿಲ್ಲುತ್ತದೆ, ಅಷ್ಟೇ. ಪೆಟ್ಟಿಗೆ ಎದ್ದ ಮೇಲೆ ಕೆವಿಎಂ ಜೊತೆ ವಿಎಂ ಓಡಿಸುವ ಕ್ಯೂಎಮು ತಾನೇ ಐದೈದು ಸೆಕೆಂಡಿಗೆ ಪ್ರಯತ್ನಿಸಿ ಜೋಡಿಕೊಳ್ಳುತ್ತದೆ. ಯುಎಸ್‌ಬಿಐಪಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಸಂಪರ್ಕ ಕಡಿಯಿತೆಂದರೆ ಸಾಧನವನ್ನೇ ಕಿತ್ತುಹಾಕಿದ ಹಾಗೆ. ಬಿಲ್ಲಿಂಗ್ ಸಾಫ್ಟ್‌ವೇರಿನ ಕೈಯಲ್ಲಿದ್ದ ಪೋರ್ಟ್ ಸತ್ತುಹೋಗುತ್ತದೆ.

ವಿಎಂ ಒಳಗೆ ಲಿನಕ್ಸ್ ಇದ್ದರೆ ಎರಡು ತುದಿಗಳನ್ನು ಜೋಡಿಸುವ ಸೋಕ್ಯಾಟ್ ಎಂಬ ಪ್ರೋಗ್ರಾಮ್ ಸಾಕು. ಒಂದು ತುದಿಗೆ ಪಿಟಿವೈ (ಸೀರಿಯಲ್ ಪೋರ್ಟಿನ ಹಾಗೆ ನಟಿಸುವುದು), ಅದಕ್ಕೆ ಲಿಂಕ್, ರಾ, ಎಕೊ=0 ಎಂಬ ಆಪ್ಷನ್. ಇನ್ನೊಂದು ತುದಿಗೆ ಟಿಸಿಪಿ ವಿಳಾಸ. ಇದನ್ನು ಸಿಸ್ಟಮ್‌ಡಿ ಸರ್ವಿಸ್ ಮಾಡಿ, ರೀಸ್ಟಾರ್ಟ್ ಆಲ್ವೇಸ್ ಎಂದು (ರೀಸ್ಟಾರ್ಟಿನ ಮೊದಲ ಅಕ್ಷರ ಮಾತ್ರ ದೊಡ್ಡದು) ಕೊಟ್ಟರೆ ಬಿದ್ದಾಗಲೆಲ್ಲ ತಾನೇ ಏಳುತ್ತದೆ. ನೀವೇ ಪೈಥಾನಿನಲ್ಲಿ ಬರೆಯುವವರಾದರೆ ಇದೂ ಬೇಡ. ಪೈಸೀರಿಯಲ್ ಲೈಬ್ರರಿಗೆ ಪೋರ್ಟಿನ ಹೆಸರಿನ ಬದಲು ನೆಟ್‌ವರ್ಕ್ ವಿಳಾಸವನ್ನೇ ಕೊಡಬಹುದು.

ಅಕ್ಷರ ಮಾತ್ರ ಸಾಲದಿದ್ದಾಗ

ಮೇಲಿನ ದಾರಿಯಲ್ಲಿ ಹೋಗುವುದು ಅಕ್ಷರ ಮಾತ್ರ. ವಿಎಂ ಒಳಗೆ ವೇಗವನ್ನು 2400 ಮಾಡಿದರೂ ಗೋದಾಮಿನಲ್ಲಿ 9600 ಹಾಗೇ ಇರುತ್ತದೆ. ಸೀರಿಯಲ್ ಕೇಬಲ್ಲಿನ ಡಿಟಿಆರ್, ಆರ್‌ಟಿಎಸ್ ಎಂಬ ನಿಯಂತ್ರಣ ಸಿಗ್ನಲ್‌ಗಳೂ ದಾಟುವುದಿಲ್ಲ. ತೂಕದ ಮೆಷಿನ್ನಿಗೆ ಇದು ಬೇಕಿಲ್ಲ. ಆದರೆ ಆರ್ಡುಯಿನೊಗೆ ಪ್ರೋಗ್ರಾಮ್ ಹಾಕಲು ಡಿಟಿಆರ್ ಬೇಕು, ಅದರಿಂದಲೇ ಬೋರ್ಡ್ ರೀಸೆಟ್ ಆಗುವುದು. ಇಂಥದ್ದಕ್ಕೆ ಆರ್‌ಎಫ್‌ಸಿ 2217 ಎಂಬ ನಿಯಮ 1997ರಿಂದಲೇ ಇದೆ. ವೇಗ ಬದಲಿಸು, ಡಿಟಿಆರ್ ಏರಿಸು ಎಂಬ ಮಾತನ್ನೂ ಟೆಲ್ನೆಟ್ ಒಳಗೇ ಕಳಿಸುವ ಕ್ರಮ ಅದು. ಸೆರ್2ನೆಟ್ಟಿನ ಆಕ್ಸೆಪ್ಟರ್ ಸಾಲಿನಲ್ಲಿ ಟಿಸಿಪಿಗೆ ಮೊದಲು ಟೆಲ್ನೆಟ್, ಬ್ರಾಕೆಟ್ಟಿನಲ್ಲಿ ಆರ್‌ಎಫ್‌ಸಿ2217, ಆಮೇಲೆ ಕಾಮಾ ಹಾಕಿದರೆ ಆ ಕಡೆ ತಯಾರು. ವಿಎಂ ಕಡೆಯೂ ಅದನ್ನು ಬಲ್ಲ ಕ್ಲೈಂಟ್ ಬೇಕು. ಪೈಸೀರಿಯಲ್ಲಿಗೆ ಗೊತ್ತು. ವಿಂಡೋಸಿನಲ್ಲಿ ಕಾಮ್0ಕಾಮ್ ಮತ್ತು ಹಬ್4ಕಾಮ್ ಜೋಡಿ ಈ ಕೆಲಸ ಮಾಡುತ್ತದೆ. ಸೋಕ್ಯಾಟಿಗೆ ಗೊತ್ತಿಲ್ಲ.

ಪಿಎಲ್‌ಸಿ ತರಹದ ಸಾಧನಗಳು ಮಾತಾಡುವ ಮೋಡ್‌ಬಸ್ ಆರ್‌ಟಿಯು ಎಂಬ ಕ್ರಮ ಬಳಸುವವರು ಇಲ್ಲಿ ನಿಂತು ಓದಿ. ಅದರಲ್ಲಿ ಒಂದು ಸಂದೇಶ ಮುಗಿಯಿತು ಎಂದು ಗೊತ್ತಾಗುವುದು ಮೂರೂವರೆ ಅಕ್ಷರದಷ್ಟು ಮೌನದಿಂದ. 9600 ವೇಗದಲ್ಲಿ ಆ ಮೌನ ಸುಮಾರು 4 ಮಿಲಿಸೆಕೆಂಡ್. ನೆಟ್‌ವರ್ಕಿನಲ್ಲಿ ಸಂದೇಶ ಎರಡು ತುಂಡಾಗಿ ಬಂದು ನಡುವೆ ಅದಕ್ಕಿಂತ ಜಾಸ್ತಿ ಹೊತ್ತು ಹೋದರೆ, ಸಾಧನ ಅದನ್ನು ಅರ್ಧ ಸಂದೇಶ ಎಂದು ಎಸೆದುಬಿಡುತ್ತದೆ. ವೈಫೈನಲ್ಲಿ ಇದು ಆಗಾಗ ಕಾಡುತ್ತದೆ. ಮೋಡ್‌ಬಸ್ಸಿಗೆ ಸೆರ್2ನೆಟ್ ಬಿಟ್ಟು ಪೆಟ್ಟಿಗೆಯಲ್ಲಿ ಎಂಬಸ್‌ಡಿ ಹಾಕಿ. ಅದು 502ನೇ ಪೋರ್ಟಿನಲ್ಲಿ ಮೋಡ್‌ಬಸ್ ಟಿಸಿಪಿ ಮಾತಾಡುತ್ತದೆ, ಮೌನದ ಲೆಕ್ಕವನ್ನು ಸಾಧನದ ಪಕ್ಕದಲ್ಲೇ ಕುಳಿತು ನೋಡಿಕೊಳ್ಳುತ್ತದೆ. ಜೊತೆಗೆ ಎಫ್‌ಟಿ232 ಚಿಪ್ಪಿನ ಲೇಟೆನ್ಸಿ ಟೈಮರ್ (ಬಂದ ಅಕ್ಷರಗಳನ್ನು ಮುಂದೆ ಕಳಿಸುವ ಮುಂಚೆ ಕಾಯುವ ಹೊತ್ತು) ಸಾಮಾನ್ಯವಾಗಿ 16 ಮಿಲಿಸೆಕೆಂಡ್ ಇರುತ್ತದೆ, ಅದನ್ನು 1ಕ್ಕೆ ಇಳಿಸಿದರೆ ಪ್ರಶ್ನೆ-ಉತ್ತರ ಚುರುಕಾಗುತ್ತದೆ.

ಯುಎಸ್‌ಬಿಯನ್ನೇ ಸಾಗಿಸಬೇಕಾದರೆ

ಮಂಗಳೂರಿನ ಒಂದು ಸಿಎ ಆಫೀಸ್ ಅಂದುಕೊಳ್ಳಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದೆ, ಫೈಲ್ ಮಾಡುವುದು ವಿಎಂನಲ್ಲಿ. ಅದು ಸೀರಿಯಲ್ ಅಲ್ಲವೇ ಅಲ್ಲ, ಅಲ್ಲಿ ಸೆರ್2ನೆಟ್ ಕೆಲಸಕ್ಕೆ ಬಾರದು. ಸಾಫ್ಟ್‌ವೇರ್ ಲೈಸೆನ್ಸಿನ ಡಾಂಗಲ್ ಕೂಡ ಹಾಗೆಯೇ. ಇಂಥಲ್ಲಿ ಯುಎಸ್‌ಬಿಐಪಿ ಬೇಕು. ಇದು ಲಿನಕ್ಸ್ ಕರ್ನಲ್ಲಿನಲ್ಲೇ ಇದೆ.

ಪೆಟ್ಟಿಗೆಯಲ್ಲಿ ಯುಎಸ್‌ಬಿಐಪಿ-ಹೋಸ್ಟ್ ಮಾಡ್ಯೂಲ್ ಎಬ್ಬಿಸಿ, ಯುಎಸ್‌ಬಿಐಪಿಡಿ ಓಡಿಸಿ. ಯುಎಸ್‌ಬಿಐಪಿ ಲಿಸ್ಟ್ -ಎಲ್ ಎಂದರೆ ಪಟ್ಟಿ ಬರುತ್ತದೆ, ಅದರಲ್ಲಿ 1-1.2 ತರಹದ ಬಸ್ ನಂಬರ್ ನೋಡಿ. ಯುಎಸ್‌ಬಿಐಪಿ ಬೈಂಡ್ -ಬಿ ಮತ್ತು ಆ ನಂಬರ್ ಕೊಡಿ. ಇಷ್ಟಾದ ಮೇಲೆ ಸಾಧನ ಪೆಟ್ಟಿಗೆಯ ಬಳಕೆಗೆ ಸಿಗುವುದಿಲ್ಲ, ಗಾಬರಿ ಬೇಡ. ವಿಎಂ ಲಿನಕ್ಸ್ ಆದರೆ ವಿಎಚ್‌ಸಿಐ-ಎಚ್‌ಸಿಡಿ ಮಾಡ್ಯೂಲ್ ಎಬ್ಬಿಸಿ, ಯುಎಸ್‌ಬಿಐಪಿ ಅಟ್ಯಾಚ್ -ಆರ್ ಪೆಟ್ಟಿಗೆಯ ಐಪಿ, -ಬಿ ಬಸ್ ನಂಬರ್. ವಿಂಡೋಸಿಗೆ ಯುಎಸ್‌ಬಿಐಪಿ-ವಿನ್2 ಎಂಬ ಕ್ಲೈಂಟ್ ಇದೆ. ಬೈಂಡ್ ಮತ್ತು ಅಟ್ಯಾಚ್ ಎರಡೂ ರೀಬೂಟ್ ಆದರೆ ಹೋಗುತ್ತವೆ. ಸ್ಕ್ರಿಪ್ಟ್ ಬರೆದು ಸರ್ವಿಸ್ ಮಾಡಿಡಿ. ಟೋಕನ್ ಎಂದರೆ ಒಬ್ಬರ ಸಹಿ. ನೆಟ್‌ವರ್ಕಿನಲ್ಲಿ ಇಡುವ ಮುಂಚೆ ಯಾರ ಕೈಗೆ ಸಿಗುತ್ತದೆ ಎಂದು ಸಹಿ ಮಾಲೀಕರನ್ನೇ ಕೂರಿಸಿ ಮಾತಾಡಿ.

ಬೀಗ

ಸೆರ್2ನೆಟ್ಟಿನ ಬರಿಯ ಟಿಸಿಪಿಗೂ, ಯುಎಸ್‌ಬಿಐಪಿಯ 3240ನೇ ಪೋರ್ಟಿಗೂ ಪಾಸ್‌ವರ್ಡ್ ಇಲ್ಲ, ಎನ್‌ಕ್ರಿಪ್ಷನ್ ಇಲ್ಲ. ಪೋರ್ಟ್ ಮುಟ್ಟಿದವರಿಗೆಲ್ಲ ಸಾಧನ ಸಿಗುತ್ತದೆ. ರೌಟರಿನಲ್ಲಿ ಇವನ್ನು ಇಂಟರ್ನೆಟ್ಟಿಗೆ ಫಾರ್ವರ್ಡ್ ಮಾಡಲೇಬೇಡಿ. ಉಡುಪಿಯ ಗೋದಾಮು, ಮಂಗಳೂರಿನ ಆಫೀಸ್ ಎಂದಿದ್ದರೆ ನಡುವೆ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ, ಅದರ ಒಳಗೆ ಈ ಪೋರ್ಟ್ ಬಿಡಿ. ಒಂದೇ ಆವರಣದಲ್ಲಿದ್ದರೂ ಪೆಟ್ಟಿಗೆಯ ಫೈರ್‌ವಾಲಿನಲ್ಲಿ ಸರ್ವರಿನ ಐಪಿಗೆ ಮಾತ್ರ ಅನುಮತಿ ಕೊಡಿ.

ಕರೆಂಟ್ ತೆಗೆದು ನೋಡಿ

ಕೆಲಸ ಮುಗಿಸಿ ಬರುವ ಮೊದಲು ಗೋದಾಮಿನ ಮೈನ್ ಸ್ವಿಚ್ ಇಳಿಸಿ, ಒಂದು ನಿಮಿಷ ಬಿಟ್ಟು ಏರಿಸಿ. ಯಾರೂ ಏನೂ ಮುಟ್ಟಬಾರದು. ಬಿಲ್ಲಿಂಗ್ ಸ್ಕ್ರೀನಿನಲ್ಲಿ ತೂಕ ತಾನಾಗಿ ಮರಳಬೇಕು. ಆಮೇಲೆ ಆಫೀಸಿನ ಸರ್ವರ್ ಮಾತ್ರ ಆಫ್ ಮಾಡಿ ಎಬ್ಬಿಸಿ. ಮೂರನೆಯದಾಗಿ ನಡುವಿನ ನೆಟ್‌ವರ್ಕ್ ಕೇಬಲ್ ಕಿತ್ತು ಚುಚ್ಚಿ. ಮೂರರಲ್ಲೂ ತೂಕ ಮರಳಿದರೆ ಮಾತ್ರ ಕೆಲಸ ಆಯಿತು.

ಹೀಗೆ ಪದೇ ಪದೇ ಕರೆಂಟ್ ಹೋಗುವ ಜಾಗದಲ್ಲಿ ಪೈ ಒಳಗಿನ ಎಸ್‌ಡಿ ಕಾರ್ಡ್ ಹಾಳಾಗುವುದುಂಟು. ಎಲ್ಲ ಸರಿಯಾದ ಮೇಲೆ ರಾಸ್ಪಿ-ಕಾನ್ಫಿಗ್ ತೆರೆದು ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ. ಆಗ ಕಾರ್ಡಿನ ಮೇಲೆ ಬರೆಯುವುದೇ ಇಲ್ಲ. ಮುಂದೆ ಸೆಟ್ಟಿಂಗ್ ಬದಲಿಸಬೇಕಾದರೆ ಮೊದಲು ಅದನ್ನು ಆಫ್ ಮಾಡಬೇಕು, ಇಲ್ಲವಾದರೆ ಬದಲಿಸಿದ್ದು ರೀಬೂಟ್ ಆದಾಗ ಹೋಗಿರುತ್ತದೆ.

ಕೊನೆಗೆ ಒಂದು ಚೀಟಿಯಲ್ಲಿ ಪೆಟ್ಟಿಗೆಯ ಐಪಿ, ಟಿಸಿಪಿ ಪೋರ್ಟ್, ಸೀರಿಯಲ್ ವೇಗ, ಓವರ್‌ಲೇ ಆನ್ ಇದೆ ಎಂಬ ಮಾತು, ಇಷ್ಟನ್ನು ಬಾಲ್‌ಪೆನ್ನಿನಲ್ಲಿ ಬರೆದು, ಮೇಲೆ ಅಗಲದ ಟೇಪ್ ಎಳೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ. ಹೊರಗೆ ಅಂಟಿಸಿದ್ದು ಮಳೆಗಾಲದ ತೇವಕ್ಕೆ ನಿಲ್ಲುವುದಿಲ್ಲ.